ತೇಜಸ್ವಿ ಓದಿದೀನಿ ಅಂತೀರಲ್ಲ, ಯಾವ ತೇಜಸ್ವಿ?

ನಿಮ್ಮ ಫೇವರಿಟ್ ಲೇಖಕರು ಯಾರು ಅಂದ್ರೆ ಥಟ್ಟಂತ ತೇಜಸ್ವಿ ಅಂತೀರಿ, ಅಲ್ವಾ? ಗೊತ್ತಿತ್ತು ಬಿಡಿ. ಜಯನಗರ ಫೋರ್ತ್ ಬ್ಲಾಕಲ್ಲಿ ಕಾಫಿ ಲೋಟದ ಪಕ್ಕ ‘ಕರ್ವಾಲೊ’ ಇಟ್ಟು ಸ್ಟೇಟಸ್ ಹಾಕಿದ್ದು ನಾವೂ ನೋಡಿದೀವಿ. (ಬುಕ್‌ಮಾರ್ಕು ಹನ್ನೆರಡನೇ ಪುಟ ದಾಟಿರಲಿಲ್ಲ. ಇರ್ಲಿ.)

ಶನಿವಾರ ಬಂತೋ, ಬಿಟಿಎಂ ಲೇಔಟಿಂದ ಬುಲೆಟ್ಟು ಸೀದಾ ಮೂಡಿಗೆರೆಗೆ. ಹೋಂಸ್ಟೇ, ಮಳೆ, ಜಿಗಣೆ. ವಾಪಸ್ ಬಂದವರೇ ‘ತೇಜಸ್ವಿ ಅಂದ್ರೆ ಕಾಡು ಗುರೂ’ ಅಂತ ತೀರ್ಪು! ಅಲ್ರೀ, ಹಂಗಾದ್ರೆ ಅವರದೇ ಕಥೆಯ ನಮ್ಮ ತಬರ? ಆ ಪಾಪದ ಪ್ರಾಣಿ ಪಿಂಚಣಿಗೋಸ್ಕರ ಚಪ್ಪಲಿ ಸವೆಸಿದ್ದು ಸರ್ಕಾರಿ ಕಚೇರಿಗಳಲ್ಲಿ.

1973ರ ಕಥಾಸಂಕಲನ ‘ಅಬಚೂರಿನ ಪೋಸ್ಟಾಫೀಸು’ ಒಂದನ್ನೇ ತಗೊಳ್ಳಿ. ತಬರ ಗಂಟಲು ಕಟ್ಟಿಸ್ತಾನೆ. ಕಾಲೇಜು ಹುಡುಗ ಮುಸ್ತಫಾ ನಗಿಸಿ ನಗಿಸಿ ಸುಸ್ತು ಮಾಡ್ತಾನೆ. ಡಾಕ್ಟ್ರು ಕುಬಿ ಒಂದು ಹುಡುಗಿಯ ಸಾವಿನ ಬೆನ್ನು ಹತ್ತುತ್ತಾನೆ. ಇಷ್ಟೂ ಒಂದೇ ರಟ್ಟಿನೊಳಗೆ! ಗಿರೀಶ ಕಾಸರವಳ್ಳಿ ‘ತಬರನ ಕಥೆ’ ತೆಗೆದಿದ್ದು ಇಲ್ಲಿಂದಲೇ, 2023ರಲ್ಲಿ ನೀವು ಶಿಳ್ಳೆ ಹೊಡೆದ ‘ಡೇರ್‌ಡೆವಿಲ್ ಮುಸ್ತಫಾ’ ಬಂದಿದ್ದೂ ಇಲ್ಲಿಂದಲೇ. (‘ಹೌದಾ?’ ಅಂದ್ರಲ್ಲ ಈಗ, ಕೇಳಿಸ್ತು.)

ಆಮೇಲೆ ‘ಜುಗಾರಿ ಕ್ರಾಸ್’ ಥ್ರಿಲ್ಲರು. ‘ಕಿರಗೂರಿನ ಗಯ್ಯಾಳಿಗಳು’ ಅಂತೂ ಗಂಡಸರ ಮಾನ ಹರಾಜು. ಒಬ್ಬರದೇ ಪೆನ್ನು ಕಣ್ರೀ.

ಕಾರಂತರದ್ದೂ ಇದೇ ಕಥೆ. ‘ಚೋಮನ ದುಡಿ’ ಬರೆದ ಕೈಯೇ ವೇಶ್ಯೆಯರ ಬದುಕಿನ ‘ಮೈ ಮನಗಳ ಸುಳಿಯಲ್ಲಿ’ ಬರೀತು. ಸ್ಕೂಲಲ್ಲಿ ‘ಕಡಲತೀರದ ಭಾರ್ಗವ’ ಅಂತ ಉರು ಹೊಡೆದಿರಿ, ಮಾರ್ಕ್ಸ್ ಬಂತು, ಕಾರಂತರು ಮುಗಿದ್ರು. ಭೈರಪ್ಪನವರು ‘ಪರ್ವ’ದ ಕುರುಕ್ಷೇತ್ರ ಮುಗಿಸಿ 2014ರಲ್ಲಿ ‘ಯಾನ’ ಬರೆದು ಆಕಾಶನೌಕೇನೇ ಹತ್ತಿಬಿಟ್ರು. ನೀವು ಇನ್ನೂ ‘ಆವರಣ’ದ ಜಗಳದಲ್ಲೇ ಇದೀರಿ. ಓದದೆ!

ದರ್ಶಿನೀಲಿ ಇಡ್ಲಿ ತಿಂದ ಬಾಯಲ್ಲೇ ಗೋಬಿ ಮಂಚೂರಿ ಕೇಳೋ ನಾಲಿಗೆ ನಿಮ್ದು. ಲೇಖಕ ಮಾತ್ರ ದಿನಾ ಇಡ್ಲೀನೇ ಬೇಯಿಸ್ಬೇಕಾ? ಸ್ವಲ್ಪ ರುಚಿ ಬದಲಾದ್ರೆ ‘ಯಾಕೋ ಮೊದಲಿನ ಥರ ಇಲ್ಲ’ ಅಂತ ಬನಶಂಕರಿಯಿಂದ ಜೆ.ಪಿ. ನಗರದವರೆಗೂ ಗೊಣಗ್ತೀರಿ.

ಈ ಭಾನುವಾರ ಬೈಕ್ ಮನೇಲೇ ಬಿಟ್ಟು ‘ಕುಬಿ ಮತ್ತು ಇಯಾಲ’ ಓದಿ. ನನ್ನ ಪ್ರತಿ ಮಾತ್ರ ಕೇಳಬೇಡಿ. ತಗೊಂಡು ಹೋದವರು ಇನ್ನೂ ವಾಪಸ್ ಕೊಟ್ಟಿಲ್ಲ. (ಒಂದ್ಸಲ ನಿಮ್ಮ ಶೋಕೇಸ್ ನೋಡ್ತೀರಾ?)