ಕಾಲೇಜು-ದರ್ಶನ ಮೀಮಾಂಸೆ: ಕಳಸ ಸೀಮೆಯ ಪದ್ಧತಿಯ ಶಾಸ್ತ್ರೀಯ ವಿವೇಚನೆ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದಂದಿನಿಂದ ಮುಂಗಾರು ಗಟ್ಟಿಯಾಗಿ ಹಿಡಿಯುವವರೆಗಿನ ಅವಧಿಯಲ್ಲಿ, ಕಳಸ ಸೀಮೆಯ ಕುಟುಂಬವೊಂದು ಬಾಡಿಗೆ ವಾಹನದಲ್ಲಿ ಘಟ್ಟ ಇಳಿದು, ಎರಡೋ ಮೂರೋ ಕಾಲೇಜುಗಳ ಆವರಣವನ್ನು ಸುತ್ತಿ, ಅದೇ ರಾತ್ರಿ ಮನೆ ಸೇರುವ ಕ್ರಿಯೆಯನ್ನು ಈ ಪ್ರಬಂಧದಲ್ಲಿ ‘ಕಾಲೇಜು-ದರ್ಶನ’ ಎಂದು ಕರೆಯಲಾಗಿದೆ. ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಆರಂಭದಲ್ಲೇ ತಿಳಿಸಬೇಕೆಂಬುದು ಪೂರ್ವಿಕರ ಕಟ್ಟಳೆ. ಇಲ್ಲಿ ಅಧಿಕಾರಿ, ಅಂದರೆ ಈ ಕ್ರಿಯೆಯನ್ನು ನಡೆಸಲು ಅರ್ಹನಾದವನು, ವಿದ್ಯಾರ್ಥಿಯಲ್ಲ, ಅವನ ಸೋದರಮಾವ, ವಿಷಯವು ಕಾಲೇಜು, ಸಂಬಂಧವೆಂದರೆ ಆ ಕಾಲೇಜಿನ ಕಚೇರಿಯಲ್ಲಿ ಕೆಲಸಕ್ಕಿರುವ, ಸೋದರಮಾವನ ಹೆಂಡತಿಯ ಕಡೆಯ ಒಬ್ಬರು, ಪ್ರಯೋಜನದ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಕಾಲೇಜಿನ ಆಯ್ಕೆಯು ವಿದ್ಯಾರ್ಥಿಯ ಅಭಿರುಚಿಯಿಂದ ಆಗುತ್ತದೆಂಬ ಹಳೆಯ ವಾದವನ್ನು ಭೂಗೋಳವೇ ಖಂಡಿಸುತ್ತದೆ. ಕುದುರೆಮುಖದ ಮೇಲೆ ಎಸ್.ಕೆ. ಬಾರ್ಡರ್ (ಸೌತ್ ಕೆನರಾ ಗಡಿ) ದಾಟಿ ಇಳಿದವರಿಗೆ 1960ರಲ್ಲಿ ಆರಂಭವಾದ ಕಾರ್ಕಳದ ಭುವನೇಂದ್ರ ಕಾಲೇಜು, 1986ರ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜು, ಮೂಡುಬಿದಿರೆಯ ಆಳ್ವಾಸ್, ಇನ್ನೂ ಕೆಳಗೆ ಹೋಗುವ ಶಕ್ತಿಯಿದ್ದರೆ 1880ರಷ್ಟು ಹಳೆಯದಾದ ಮಂಗಳೂರಿನ ಸೇಂಟ್ ಅಲೋಶಿಯಸ್ ಸಿಗುತ್ತವೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದವರಿಗೆ 1966ರ ಉಜಿರೆಯ ಎಸ್‌ಡಿಎಂ ಎದುರಾಗುತ್ತದೆ. ಘಟ್ಟ ಇಳಿಯದೆ ಬಾಳೆಹೊನ್ನೂರಿನ ಕಡೆ ತಿರುಗಿದವರು ಚಿಕ್ಕಮಗಳೂರಿನ ಎಐಟಿಯನ್ನು ತಲುಪುತ್ತಾರೆ. ಯಾವ ತಿರುವಿನಲ್ಲಿ ಮಗುವಿಗೆ ವಾಂತಿಯಾಗುವುದಿಲ್ಲವೋ ಆ ದಾರಿಯ ಕಾಲೇಜೇ ಉತ್ತಮವೆಂಬ ಈ ಸಿದ್ಧಾಂತಕ್ಕೆ ‘ಘಟ್ಟನಿಯತಿವಾದ’ ಎಂಬ ಹೆಸರು ಸಲ್ಲುತ್ತದೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಾಗ, ಉಜಿರೆಯ ಶೈಕ್ಷಣಿಕ ಗುಣಮಟ್ಟದಲ್ಲಿ ಲವಲೇಶವೂ ವ್ಯತ್ಯಾಸವಾಗದಿದ್ದರೂ ಅದು ಕಳಸದವರ ಮನಸ್ಸಿನಲ್ಲಿ ಒಮ್ಮೆಲೇ ಬಹುದೂರ ಸರಿದದ್ದನ್ನು ಈ ವಾದದ ಹೊರತು ಬೇರೆ ಯಾವುದೂ ವಿವರಿಸಲಾರದು. ಮೂಡಿಗೆರೆಯ ತೋಟಗಾರಿಕೆ ಕಾಲೇಜು ಇವೆಲ್ಲಕ್ಕಿಂತ ಸುಲಭದ ದಾರಿಯಲ್ಲಿದ್ದರೂ ದರ್ಶನದ ಪಟ್ಟಿಗೆ ಸೇರುವುದು ಅಪರೂಪ. ಮಗ ತೋಟದಿಂದ ಹೊರಗೆ ಹೋಗಲೆಂದೇ ಓದಿಸುವ ಮನೆಯಲ್ಲಿ ಆ ಹೆಸರನ್ನು ಎತ್ತುವವರು ಯಾರು?

ದರ್ಶನಕ್ಕೆ ಅಂಗವಾಗಿ ಒಂದು ತೀರ್ಥಯಾತ್ರೆ ವಿಹಿತವಾಗಿದೆ. ಉಜಿರೆಗೆ ಹೋದವರು ಧರ್ಮಸ್ಥಳಕ್ಕೆ, ಮಣಿಪಾಲಕ್ಕೆ ಹೋದವರು ಉಡುಪಿ ಕೃಷ್ಣನಲ್ಲಿಗೆ, ಮೂಡುಬಿದಿರೆಗೆ ಹೋದವರು 1430ರ ಸಾವಿರ ಕಂಬದ ಬಸದಿಗೆ ಹೋಗದೆ ಹಿಂದಿರುಗುವುದು ನಿಷಿದ್ಧ. ಅಂಗಕ್ಕೆ ಪ್ರಧಾನಕ್ಕಿಂತ ಹೆಚ್ಚು ಕಾಲ ಮೀಸಲಾಗುವುದು ಈ ಪದ್ಧತಿಯ ವೈಶಿಷ್ಟ್ಯ: ಬಸದಿಯ ಕಂಬಗಳನ್ನು ಎಣಿಸುತ್ತ ಎರಡು ಗಂಟೆ ಕಳೆದ ಕುಟುಂಬವು ಕಾಲೇಜಿನ ಗ್ರಂಥಾಲಯವನ್ನು ಗಾಜಿನ ಬಾಗಿಲಿನ ಹೊರಗಿನಿಂದಲೇ ನೋಡಿ ತೃಪ್ತವಾಗುತ್ತದೆ, ಏಕೆಂದರೆ ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕೋ ಬೇಡವೋ ಎಂಬುದು ಇತ್ಯರ್ಥವಾಗಿರುವುದಿಲ್ಲ.

ಆವರಣವನ್ನು ಪ್ರವೇಶಿಸಿದ ಮೇಲೆ ಜ್ಞಾನ ಹೇಗೆ ಉಂಟಾಗುತ್ತದೆಂಬುದು ಮುಂದಿನ ಪ್ರಶ್ನೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಆರು ಪ್ರಮಾಣಗಳೂ, ಅಂದರೆ ಸರಿಯಾದ ತಿಳಿವಿಗೆ ಸಾಧನಗಳೂ, ಇಲ್ಲಿ ಕೆಲಸ ಮಾಡುತ್ತವೆ. ಶೃಂಗೇರಿಯ ನೆರೆಯ ಸೀಮೆಯಲ್ಲಿ ಇದು ಆಶ್ಚರ್ಯವಲ್ಲ. ಪ್ರತ್ಯಕ್ಷವು ಇಲ್ಲಿ ಎಲ್ಲಕ್ಕಿಂತ ದುರ್ಬಲ. ಗೋಡೆಯ ಹೊಸ ಬಣ್ಣವು ಕಣ್ಣಿಗೆ ಕಾಣುವುದು ನಿಜವಾದರೂ, ಅದು ವಿದ್ಯಾರ್ಥಿಗಳಿಗಾಗಿ ಬಳಿದದ್ದೋ ನ್ಯಾಕ್ ತಂಡಕ್ಕಾಗಿ ಬಳಿದದ್ದೋ ಎಂಬುದು ಕಾಣುವುದಿಲ್ಲ. (ನ್ಯಾಕ್ ಎಂಬುದು ಕಾಲೇಜುಗಳ ಆವರಣಕ್ಕೆ ತಜ್ಞರನ್ನು ಕಳಿಸಿ ಶ್ರೇಣಿ ಕೊಡಿಸುತ್ತ ಬಂದ, 1994ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಸಂಸ್ಥೆ, ಇಲ್ಲಿ ಚರ್ಚಿಸುತ್ತಿರುವ ಪದ್ಧತಿಯ ಸರ್ಕಾರಿ ರೂಪವೆಂದರೂ ನಡೆದೀತು.) ಅನುಮಾನ, ಉಪಮಾನಗಳನ್ನು ಬಿಡಬಹುದು. ಶಬ್ದಪ್ರಮಾಣವೆಂದರೆ ನಂಬತಕ್ಕವರ ಮಾತು. ಕ್ಯಾಂಟೀನಿನ ಎದುರು ಸಿಕ್ಕ ಹಳುವಳ್ಳಿಯದೋ ಸಂಸೆಯದೋ ಹುಡುಗನೊಬ್ಬ “ಅಡ್ಡಿಲ್ಲ” ಎಂದು ಹೇಳಿ ಹೋದ ಒಂದೇ ನುಡಿಗೆ, ಸೋದರಮಾವನು ಮುಂದಿನ ಸೀಟಿನಲ್ಲಿ ಕುಳಿತು ಘಟ್ಟ ಹತ್ತಿ ಮುಗಿಯುವವರೆಗೂ ಭಾಷ್ಯ ಮಾಡುತ್ತಾನೆ.

ತಾಯಂದಿರ ಪಂಥದಲ್ಲಿ ಅರ್ಥಾಪತ್ತಿಗೆ ಪಟ್ಟ. ದಪ್ಪಗಿರುವ ದೇವದತ್ತನು ಹಗಲು ಉಣ್ಣುವುದಿಲ್ಲವೆಂದಾದರೆ ಅವನು ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಲೇಬೇಕು ಎಂಬುದು ಇದರ ಪ್ರಸಿದ್ಧ ಉದಾಹರಣೆ. ಹಾಸ್ಟೆಲಿನ ಮೆಸ್ಸಿನಲ್ಲಿ ಸೌಟು ಎತ್ತಿ ಸಾರಿನ ತಳವನ್ನು ಪರೀಕ್ಷಿಸಿ, ತಳ ನಿಚ್ಚಳವಾಗಿ ಕಾಣುವುದನ್ನು ಕಂಡ ತಾಯಿಯು, ಅದೇ ಹಾಸ್ಟೆಲಿನ ಹುಡುಗರು ಮೈಕೈ ತುಂಬಿಕೊಂಡಿರುವುದನ್ನೂ ಗಮನಿಸಿ, ಗೇಟಿನ ಹೊರಗೆ ಒಂದು ಬೇಕರಿ ಇರಲೇಬೇಕೆಂದು ನಿರ್ಣಯಿಸುತ್ತಾಳೆ; ಹೋಗಿ ನೋಡಿದರೆ ಬನ್ಸು, ಗೋಳಿಬಜೆಗಳ ಸಮೇತ ಬೇಕರಿ ಇದ್ದೇ ಇರುತ್ತದೆ. ಅಭಾವವನ್ನು ತಿಳಿಸುವ ಅನುಪಲಬ್ಧಿಯೂ ಈಕೆಗೆ ಕರಗತ. “ಸ್ನಾನಕ್ಕೆ ಬಿಸಿನೀರು ಬರ್ತದಾ?” ಎಂಬ ಪ್ರಶ್ನೆಗೆ ವಾರ್ಡನ್ “ಉಂಟು, ಉಂಟು” ಎನ್ನುತ್ತಿರುವಾಗಲೇ ಈಕೆ ನಲ್ಲಿ ತಿರುಗಿಸಿ, ಮೊದಲು ಗಾಳಿ, ಆಮೇಲೆ ತುಸು ಕೆಂಪು ನೀರು, ಆಮೇಲೆ ಪುನಃ ಗಾಳಿ ಬರುವುದನ್ನು ಕಂಡು, ಏನನ್ನೂ ಹೇಳದೆ ನಲ್ಲಿಯನ್ನು ಮುಚ್ಚುತ್ತಾಳೆ. ಘಟ್ಟದ ಕೆಳಗಿನ ಸೆಕೆಯಲ್ಲಿ ಬಿಸಿನೀರಿನ ಅಗತ್ಯವೇ ಇಲ್ಲವೆಂಬ ವಾರ್ಡನ್ನರ ಉತ್ತರಪಕ್ಷವನ್ನು ಈ ಪಂಥ ಇದುವರೆಗೂ ಅಂಗೀಕರಿಸಿಲ್ಲ. ವಿದ್ಯಾರ್ಥಿಯಾದರೋ ಮನೆಯ ಹಿತ್ತಲಿನ ದರೆ ಹತ್ತಿದರೂ ಸಿಗದ ನೆಟ್‌ವರ್ಕ್ ಇಲ್ಲಿ ತುಂಬಿರುವುದನ್ನು ಕಂಡು ಮೊದಲ ಐದು ನಿಮಿಷದಲ್ಲೇ ತನ್ನ ಸಂಶೋಧನೆಯನ್ನು ಮುಗಿಸಿರುತ್ತಾನೆ.

ತಂದೆಯ ವಿಧಾನ ಕಾಫಿ ವ್ಯಾಪಾರದಿಂದ ಬಂದದ್ದು. 50 ಕೆ.ಜಿ.ಯ ಚೆರಿ ಚೀಲದಲ್ಲಿ ಸಿಪ್ಪೆ ಹೋದ ಮೇಲೆ ಉಳಿಯುವ ಬೀಜ 26 ಕೆ.ಜಿ.ಯೋ 28 ಕೆ.ಜಿ.ಯೋ ಎಂಬ ಲೆಕ್ಕಕ್ಕೆ ಔಟ್‌ಟರ್ನ್, ಆಡುಮಾತಿನಲ್ಲಿ ಓಟಿ, ಎಂದು ಹೆಸರು. ಚೀಲದ ತೂಕ ನೋಡಿ ದರ ಹೇಳುವ ವ್ಯಾಪಾರಿಯನ್ನು ಕಳಸದ ಬೆಳೆಗಾರನು ನಂಬುವುದಿಲ್ಲ. ಅಡ್ಮಿಷನ್ ಕೌಂಟರಿನಲ್ಲಿ “ನೂರಕ್ಕೆ ನೂರು ಪ್ಲೇಸ್‌ಮೆಂಟ್” ಎಂಬ ಮಾತು ಕಿವಿಗೆ ಬಿದ್ದೊಡನೆ ಆತ ಕೇಳುವುದು ಒಂದೇ: ಓಟಿ ಎಷ್ಟು? ಸೇರಿದವರೆಷ್ಟು, ಪಾಸಾದವರೆಷ್ಟು, ಕಂಪನಿಯ ಎದುರು ಕೂರಲು ಅರ್ಹರೆಂದು ಕಾಲೇಜೇ ಆರಿಸಿದವರೆಷ್ಟು, ಆ ನೂರು ಇವುಗಳಲ್ಲಿ ಯಾವುದರ ನೂರು? ಕೌಂಟರಿನವರು ಮುಗುಳ್ನಕ್ಕು ಬಣ್ಣದ ಪುಸ್ತಿಕೆಯೊಂದನ್ನು ಕೊಡುತ್ತಾರೆ. ಇಡೀ ದರ್ಶನದಲ್ಲಿ ಕೇಳಿಬರುವ ವೈಜ್ಞಾನಿಕವಾದ ಏಕೈಕ ಪ್ರಶ್ನೆ ಇದೇ ಎಂಬುದನ್ನೂ, ಉತ್ತರ ಬರದಿರುವುದೂ ಇದೊಂದಕ್ಕೇ ಎಂಬುದನ್ನೂ ಇಲ್ಲಿ ದಾಖಲಿಸುವುದು ಅಗತ್ಯ.

ಇಷ್ಟು ಪ್ರಮಾಣಗಳಿಂದ ದೊರೆತ ಜ್ಞಾನವು ಯಾವ ಫಲವನ್ನು ಕೊಡುತ್ತದೆ? ವೃತ್ತಿಶಿಕ್ಷಣದ ಮಟ್ಟಿಗೆ ಇತಿಹಾಸವನ್ನು 1994ಕ್ಕೆ ಮೊದಲು, ಆಮೇಲೆ ಎಂದು ಒಡೆಯಬೇಕಾಗುತ್ತದೆ. ಆ ವರ್ಷ ಕರ್ನಾಟಕದಲ್ಲಿ ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ, ಜಾರಿಗೆ ಬಂದ ಮೇಲೆ ಸರ್ಕಾರಿ ಕೋಟಾದ ಸೀಟನ್ನು ರ‍್ಯಾಂಕು ಕೊಡುತ್ತದೆಯೇ ಹೊರತು ಹಾಸ್ಟೆಲಿನ ನಲ್ಲಿಯನ್ನು ಕಂಡ ಕಣ್ಣು ಕೊಡುವುದಿಲ್ಲ. ಮೂರು ಕಾಲೇಜುಗಳನ್ನು ನೋಡಿ ಬಂದ ಕುಟುಂಬಕ್ಕೆ ನಾಲ್ಕನೆಯದು ಹಂಚಿಕೆಯಾಗುವುದು ವಾಡಿಕೆ. ಆಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಅಭ್ಯರ್ಥಿಯ ಮುಂದೆ ನಾಲ್ಕು ಚಾಯ್ಸ್‌ಗಳನ್ನು ಇಡುತ್ತದೆ. ಇವು ಪುರುಷಾರ್ಥಗಳಿಗೆ ಸರಿಹೊಂದುತ್ತವೆಂಬುದನ್ನು ಈವರೆಗೆ ಯಾರೂ ಗಮನಿಸಿದಂತಿಲ್ಲ. ಸೀಟು ಒಪ್ಪಿ ಶುಲ್ಕ ಕಟ್ಟಿ ಸೇರುವ ಮೊದಲನೆಯದು ಅರ್ಥ. ಸಿಕ್ಕಿದ್ದನ್ನು ಕೈಯಲ್ಲಿ ಇಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದನ್ನು ಬಯಸುವ ಎರಡನೆಯದು ಸಂಶಯವಿಲ್ಲದೆ ಕಾಮ. ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತನ್ನು ನಂಬಿ ಕೂರುವ ಮೂರನೆಯದನ್ನು ಧರ್ಮವೆನ್ನಲು ತುಸು ಕಷ್ಟಪಡಬೇಕು. ಇಡೀ ಪ್ರಕ್ರಿಯೆಯಿಂದಲೇ ಹೊರನಡೆಯುವ ನಾಲ್ಕನೆಯದು ಮೋಕ್ಷ.

ಉಳಿದಿರುವುದು ಕರ್ತೃವಿನ ಪ್ರಶ್ನೆ. ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃವೆಂದು ವೈಯಾಕರಣರು ಹೇಳುತ್ತಾರೆ. ಆ ಲಕ್ಷಣಕ್ಕೆ ಹೊಂದುವವರು ಬಾಡಿಗೆ ವಾಹನದಲ್ಲಿ ಘಟ್ಟ ಇಳಿದವರಲ್ಲಿ ಒಬ್ಬರೂ ಇರಲಿಲ್ಲ. ಚಾಯ್ಸ್ ಒತ್ತಬೇಕಾದ ಕೊನೆಯ ದಿನಗಳು ಮಳೆಗಾಲದ ನಡುವೆ ಬರುತ್ತವೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ಕಡೆಯವರು ಸುತ್ತುದಾರಿ ಹಿಡಿದು ಕಳಸದ ಪೇಟೆಗೆ ಬರಬೇಕು, ಬಂದರೂ ಕರೆಂಟ್ ಇರಬೇಕು, ಕರೆಂಟ್ ಬಂದರೂ ಸರ್ವರ್ ತೆರೆಯಬೇಕು. ಸೈಬರ್ ಸೆಂಟರಿನ ಹುಡುಗನಿಗೆ ಪಾಸ್‌ವರ್ಡ್ ಹೇಳಿ, ತಂದೆ ಎರಡನೆಯದೆಂದೂ ಮಾವ ಮೂರನೆಯದೆಂದೂ ಚರ್ಚಿಸುತ್ತಿರುವಾಗ, ಯುಪಿಎಸ್ ಕೂಗಲು ತೊಡಗಿದ್ದರಿಂದ ಆ ಹುಡುಗ ಒಂದನ್ನು ಒತ್ತಿ ಪ್ರಿಂಟ್ ತೆಗೆದು ಕೊಡುತ್ತಾನೆ. ಅವನು ಯಾವ ಕಾಲೇಜಿನ ಆವರಣವನ್ನೂ ಕಂಡವನಲ್ಲ. ಪುಟಕ್ಕೆ ಹತ್ತು ರೂಪಾಯಿ ತೆಗೆದುಕೊಳ್ಳುತ್ತಾನೆ.