ತಡಿಯಪ್ಪನ ಪರದೆ ಪುರಾಣ

ತಗಡೂರಿನಲ್ಲಿ ಯಾರಾದರೂ ಹೊಸ ಫೋನ್ ಕೊಳ್ಳುವ ಮಾತೆತ್ತಿದರೆ ಸಾಕು, ಟೀ ಅಂಗಡಿ ಬೆಂಚಿನ ತುದಿಯಿಂದ ಒಂದು ಕೈ ಮೇಲೇಳುತ್ತದೆ. ‘ತಡಿ’ ಅನ್ನುತ್ತದೆ. ಕೈ ಮಾತಾಡುತ್ತದೆಯೇ ಎಂದು ಕೇಳಬೇಡಿ, ಆ ಕೈಗೆ ಬಾಯಿಗಿಂತ ಹೆಚ್ಚು ಅನುಭವವಿದೆ. ಹೆತ್ತವರು ಇಟ್ಟ ಹೆಸರು ಪಡಿತರ ಚೀಟಿಯಲ್ಲಷ್ಟೇ ಉಳಿದು, ಊರ ಬಾಯಲ್ಲಿ ಆತ ತಡಿಯಪ್ಪನಾಗಿ ಬಹಳ ದಿನವಾಯಿತು.

ಈ ವಿದ್ಯೆ ಎಲ್ಲಿಂದ ಬಂತು ಅಂತೀರಾ? ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ 1999ರಿಂದ ಸರ್ಕಿಟ್ ಬೋರ್ಡ್ ತಯಾರಿಸುತ್ತಿದೆ. ತಡಿಯಪ್ಪ ಅಲ್ಲಿ ಕೆಲಸ ಮಾಡಿದವನಲ್ಲ. ಆ ಕಡೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಓಡಾಡಿದವನು. ಅಷ್ಟೇ ಸಾಕಾಯಿತು.

ಹೊಸ ಫೋನ್ ತಂದವರು ಮೊದಲು ಅವನ ಕೈಗೆ ಕೊಡಬೇಕು. ಮುಡುಕುತೊರೆ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವರ ಗತ್ತಿನಲ್ಲಿ ತಡಿಯಪ್ಪ ಅದನ್ನು ಹಿಡಿಯುತ್ತಾನೆ. ಮೊದಲು ಬಿಸಿಲಿಗೆ ಒಯ್ದು ಕಣ್ಣು ಕಿರಿದು ಮಾಡುತ್ತಾನೆ. ಬೆಳಕು ಎಷ್ಟೆಂದು ಕೇಳಿ, ‘ಐನೂರು ನಿಟ್ಸ್ ಅಣ್ಣ’ ಎಂಬ ಉತ್ತರ ಬಂದರೆ ನಿಟ್ಟುಸಿರು ಬಿಡುತ್ತಾನೆ. ಆಮೇಲೆ ಅಂಗಡಿಯೊಳಗೆ ಬಂದು, ತಲೆಯ ಮೇಲೆ ಟವೆಲ್ ಮುಸುಕು ಹಾಕಿಕೊಂಡು, ಬರೀ ಕಪ್ಪು ಬಣ್ಣದ ಚಿತ್ರವೊಂದನ್ನು ತೆರೆದು ನೋಡುತ್ತಾನೆ. ಎಲ್‌ಸಿಡಿ ಪರದೆಗೆ ಹಿಂದಿನಿಂದ ದೀಪ, ಅದರ ಕಪ್ಪು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಅಮೋಲೆಡ್‌ನಲ್ಲಿ ಚುಕ್ಕಿ ಚುಕ್ಕಿಯೂ ತಾನೇ ಉರಿಯುವುದರಿಂದ, ಆರಿದರೆ ಅಮಾವಾಸ್ಯೆ. ಮುಸುಕಿನೊಳಗಿಂದಲೇ ತೀರ್ಪು ಬರುತ್ತದೆ: ‘ಬೂದಿ ಕನ ಇದು. ತಡಿಬೇಕಾಗಿತ್ತು.’

ಸರಿ, ಅಮೋಲೆಡ್ ತಂದವನಾದರೂ ಗೆದ್ದನೇ? ಅದೂ ಇಲ್ಲ. ಪರದೆಯ ಬೆಳಕನ್ನು ಪೂರ್ತಿ ಇಳಿಸಿ, ಇನ್ನೊಬ್ಬನ ಫೋನಿನ ಕ್ಯಾಮೆರಾವನ್ನು ಅದಕ್ಕೆ ಹಿಡಿಯುತ್ತಾನೆ. ಕ್ಯಾಮೆರಾದಲ್ಲಿ ಕಪ್ಪು ಪಟ್ಟಿಗಳು ಸಾಲಾಗಿ ಸರಿಯುತ್ತವೆ. ‘ನೋಡ್ದಾ? ಬೆಳಕ ಕಮ್ಮಿ ಮಾಡದು ಅಂದ್ರೆ ಹೊತ್ಸಿ ಆರ್ಸಿ, ಹೊತ್ಸಿ ಆರ್ಸಿ ಮಾಡದು. ನಿನ್ ಕಣ್ಗೆ ಕಾಣಕಿಲ್ಲ, ತಲೆಗೆ ಗೊತ್ತಾಯ್ತದ.’ ಅಲ್ಲಿಯವರೆಗೆ ನೆಟ್ಟಗಿದ್ದ ಹುಡುಗನಿಗೆ ಅವತ್ತು ಸಂಜೆಯಿಂದ ತಲೆನೋವು.

ತಡಿಯಪ್ಪನ ಬಾಳಿನ ಸುವರ್ಣಯುಗವೆಂದರೆ 2021. ಜಗತ್ತಿನಲ್ಲೆಲ್ಲ ಚಿಪ್ಪಿಗೆ ಬರ ಬಂದ ವರ್ಷ ಅದು. ಯುಗಾದಿಯ ಪಂಚಾಂಗ ಶ್ರವಣದ ಧಾಟಿಯಲ್ಲಿ ಆತ ಓದಿ ಹೇಳುತ್ತಿದ್ದ: ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹಿಮ ಬಿದ್ದು, ಕರೆಂಟು ಹೋಗಿ ಚಿಪ್ ಕಾರ್ಖಾನೆಗಳು ನಿಂತವು. ಮಾರ್ಚಿನಲ್ಲಿ ಜಪಾನಿನ ನಾಕಾ ಕಾರ್ಖಾನೆಗೆ ಬೆಂಕಿ. ತೈವಾನಿನಲ್ಲಿ ಮಳೆ ಕೈಕೊಟ್ಟು, ಚಿಪ್ಪು ತೊಳೆಯುವುದಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಸಿದರು. ಹಿಮ, ಬೆಂಕಿಯ ಮಾತಿಗೆ ಬೆಂಚಿನವರು ಬರೀ ಹೂಂಗುಟ್ಟಿದರು. ಟ್ಯಾಂಕರ್ ಅಂದ ಕೂಡಲೇ ಎಲ್ಲರಿಗೂ ಅರ್ಥವಾಯಿತು. ‘ಕಬಿನಿ ನಾಲೆಗೆ ನೀರ್ ಬುಡದೆ ಹೋದ್ರೆ ನಮ್ ಭತ್ತ ಒಣಗಕಿಲ್ವಾ, ಅಂಗೆಯಾ’ ಎಂದು ಹಿರಿಯರೊಬ್ಬರು ತೈವಾನಿನ ರೈತರಿಗಾಗಿ ಮರುಗಿದರು. ಚಿಪ್ಪು ಹೊಲದಲ್ಲಿ ಬೆಳೆಯುವುದಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆ ವರ್ಷ ಗಣೇಶನ ಹಬ್ಬಕ್ಕೆ, ಸೆಪ್ಟೆಂಬರ್ 10ಕ್ಕೆ, ಬರಬೇಕಿದ್ದ ಜಿಯೋಫೋನ್ ನೆಕ್ಸ್ಟ್ ಚಿಪ್ಪಿನ ಕೊರತೆಯ ಕಾರಣದಿಂದ ದೀಪಾವಳಿಗೆ ಮುಂದಕ್ಕೆ ಹೋಯಿತು. ಸುದ್ದಿ ಬಂದ ಬೆಳಿಗ್ಗೆ ತಡಿಯಪ್ಪ ಟೀಗೆ ತಾನೇ ಕಾಸು ಕೊಟ್ಟ. ‘ಅಂಬಾನಿನೇ ತಡೀರಿ ಅಂತಾವ್ನೆ. ನಾನ್ ಹೇಳುದ್ರೆ ನಗ್ತಿದ್ರಲ್ಲ!’

ಆದರೆ ಅದೇ ವರ್ಷ ಅವನ ಅಕ್ಕನ ಮಗಳು ಒಂಬತ್ತನೇ ತರಗತಿಯಲ್ಲಿದ್ದಳು. ಪಾಠವೆಲ್ಲ ಆನ್‌ಲೈನಿನಲ್ಲಿ. ಅಪ್ಪನ ಅಂಗೈಯಗಲದ ಫೋನಿನಲ್ಲಿ ಬೀಜಗಣಿತದ ಎಕ್ಸು ಯಾವುದು, ಗುಣಾಕಾರದ ಗುರುತು ಯಾವುದು ಅಂತ ತಿಳಿಯುತ್ತಿರಲಿಲ್ಲ. ‘ಮಾವ, ಒಂದ್ ಟ್ಯಾಬ್ ಕೊಡ್ಸು’ ಅಂದಳು. ಮಾವ ದುಡ್ಡು ಎತ್ತಿಟ್ಟಿದ್ದ, ಅದು ನಿಜ. ಆದರೆ ಶಾಸ್ತ್ರ ಅಡ್ಡಬಂತು. ಪರದೆಯ ಚುಕ್ಕಿಗಳಿಗೆ ಯಾವುದು ಉರಿಯಬೇಕು, ಯಾವುದು ಆರಬೇಕು ಎಂದು ಅಪ್ಪಣೆ ಕೊಡುವ ಪುಟ್ಟ ಡ್ರೈವರ್ ಚಿಪ್ಪೊಂದಿದೆ. ಹಳೇ ಕಾಲದ ಯಂತ್ರಗಳಲ್ಲಿ ತಯಾರಾಗುವ ಅಗ್ಗದ ಸಾಮಾನು. ಅದಕ್ಕಾಗಿ ಹೊಸ ಕಾರ್ಖಾನೆ ಕಟ್ಟಲು ಯಾರಿಗೂ ಹುರುಪಿಲ್ಲ. ಎಲ್ಲರೂ ಮನೆಯಲ್ಲಿ ಕೂತು ಟಿವಿ, ಲ್ಯಾಪ್‌ಟಾಪ್, ಟ್ಯಾಬ್ ಎಂದು ಮುಗಿಬಿದ್ದಾಗ ಆ ಚಿಪ್ಪೇ ಸಾಲದಾಯಿತು. ಕಡಾಣಿ ಇಲ್ಲದ ಗಾಡಿಯಂತೆ ಸಾವಿರಗಟ್ಟಲೆ ಬೆಲೆಯ ಪರದೆಗಳು ನಿಂತವು. ‘ಈಗ ತಕೊಂಡ್ರೆ ಬೆಲೆನೂ ಜಾಸ್ತಿ, ಕಳಪೆ ಪರದೆನೂ ತಗ್ಲಾಕ್ಬುಡ್ತಾರೆ. ತಡಿ ಮಗ’ ಅಂದ.

ಮಗು ತಡೆಯಿತು. ಬೆಲೆ ಇಳಿಯಲಿಲ್ಲ. 2021ರ ಆಗಸ್ಟ್ 23ಕ್ಕೆ ರಾಜ್ಯದಲ್ಲಿ ಒಂಬತ್ತನೇ ತರಗತಿಯ ಬಾಗಿಲು ತೆರೆಯಿತು. ತಡಿಯಪ್ಪ ಬೀಗುತ್ತ ಬಂದು, ‘ನೋಡ್ದಾ, ಹನ್ನೆರಡು ಸಾವ್ರ ಉಳೀತು!’ ಅಂದ.

‘ಊಂ ಮಾವ, ಪಾಠನೂ ಉಳೀತು’ ಅಂದಳು ಹುಡುಗಿ, ಚೀಲ ಹೆಗಲಿಗೇರಿಸಿಕೊಳ್ಳುತ್ತ. ಎರಡು ದಿನ ಬೆಂಚಿನ ತುದಿ ಖಾಲಿಯಿತ್ತು.

ಆ ಮಾತಿನ ಬಿಸಿಗೋ ಏನೋ, ಮರುವರ್ಷ ತಡಿಯಪ್ಪ ಜೀವಮಾನದ ಏಕೈಕ ಖರೀದಿ ಮಾಡಿದ. ಹಿಂದಿನ ವರ್ಷದ ಮಾಡಲ್ಲು, ಅಮೋಲೆಡ್ ಪರದೆ, ಸೆಕೆಂಡಿಗೆ 120 ಸಲ ಬದಲಾಗುವ ಚಿತ್ರ. ಬ್ಯಾಟರಿ ಉಳಿಯಲೆಂದು 120ನ್ನು 60ಕ್ಕೆ ಇಳಿಸಿದ. ಬೆಳಕನ್ನು ಇರುವೆಗೂ ಸಾಲದಷ್ಟು ತಗ್ಗಿಸಿದ. ಮೇಲೊಂದು ಗಾಜು, ಗಾಜಿನ ಮೇಲೆ ಅಂಗಡಿಯವನು ಅಂಟಿಸಿದ್ದ ಪ್ಲಾಸ್ಟಿಕ್ಕು ಹಾಗೇ. ಕೋಟಿ ಬಣ್ಣ ತೋರುವ ಪರದೆ ಅವನ ಜೇಬಿನಲ್ಲಿ ಘೋಷಾ ಪಾಲಿಸುತ್ತ ಬದುಕಿತು.

ಈಗ ಮತ್ತೆ ಅವನ ಕಾಲ ಬಂದಿದೆ. ಎಐ ಅನ್ನುವುದಕ್ಕೆ ಕಟ್ಟುತ್ತಿರುವ ದೈತ್ಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನೆಲ್ಲ ಎಳೆದುಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ಅದರ ಬೆಲೆ ಏರಿ, ಫೋನಿಗೂ ಬಿಸಿ ತಟ್ಟಿದೆ. ‘ಸೊರಗು ರೋಗ ಬಂದು ನಂಜನಗೂಡು ರಸಬಾಳೆ ಅಪರೂಪ ಆಯ್ತಲ್ಲ, ಅಂಗೆ. ಇರೋ ಗೊನೆಯ ಕಾಸಿರೋನು ಎತ್ಕೊಂಡೋಯ್ತನ. ನಮ್ಗೆ ಸಿಪ್ಪೆ’ ಎನ್ನುತ್ತಾನೆ. ಹಾಗಾದರೆ ಏರುವ ಮುಂಚೆ ಈಗಲೇ ಕೊಂಡುಬಿಡೋಣವೇ ಅಂದರೆ, ಕೈ ಮೇಲೇಳುತ್ತದೆ.

ಹೋದ ತಿಂಗಳು ಅವನ ಫೋನಿನ ಪರದೆಯ ಬಲ ಅಂಚಿನಲ್ಲಿ, ಮೇಲಿಂದ ಕೆಳಗಿನವರೆಗೆ, ಕೂದಲೆಳೆಯಷ್ಟು ಸಣ್ಣ ಹಸಿರು ಗೆರೆಯೊಂದು ಮೂಡಿತು. ಬಿದ್ದಿಲ್ಲ, ನೆನೆದಿಲ್ಲ. ತಡಿಯಪ್ಪನ ಮುಖದಲ್ಲಿ ರಕ್ತವಿಲ್ಲ. ಫೋನ್ ಹಿಡಿದು ಜಗಲಿಯ ಮೇಲೆ ಕೂತಿದ್ದವನ ಪಕ್ಕಕ್ಕೆ ಅವನ ತಾಯಿ ಬಂದು ಕೂತರು. ನಮ್ಮದು 1934ರಲ್ಲಿ ಗಾಂಧೀಜಿ ಬಂದುಹೋದ ಊರು, ತಗಡೂರು ರಾಮಚಂದ್ರರಾಯರ ಖಾದಿಯ ಊರು. ಆಯಮ್ಮನ ತವರು ಬದನವಾಳು ಕಡೆ. ಹರೆಯವೆಲ್ಲ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲಿನ ಜೊತೆ ಕಳೆದದ್ದು. ಪರದೆಯ ಮೇಲೆ ಬೆರಳಾಡಿಸಿ ಅಂದರು: ‘ಹಾಸಿನ ಎಳೆ ಕನ ಮಗ ಇದು. ಹೊಕ್ಕಿಂದಲ್ಲ. ನಡುವ್ಲ ಏನೂ ಆಗಿಲ್ಲ, ಬುಡದಲ್ಲೆಲ್ಲೋ ಬುಟ್ಕೊಂಡದ.’

ನಂಜನಗೂಡಿನ ರಿಪೇರಿ ಹುಡುಗ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಹೇಳಿದ್ದೂ ಅದನ್ನೇ. ಈ ಪರದೆಯಲ್ಲಿ ಉದ್ದಕ್ಕೆ 1080 ಸಾಲು, ಅಡ್ಡಕ್ಕೆ 2400. ಉದ್ದದ ಸಾಲಿಗೆ ಅಪ್ಪಣೆ ಹೋಗುವ ತಂತು ಬುಡದಲ್ಲಿ ಸಡಿಲವಾಗಿದೆ. ಹೊಸ ಪರದೆಗೆ ಫೋನಿನ ಅರ್ಧ ಬೆಲೆ. ‘ಹಾಕ್ಲಾ ಅಣ್ಣ?’ ಅಂತ ಕೇಳಿದ. ಏನು ಉತ್ತರ ಬಂತೆಂದು ನಾನು ಹೇಳಬೇಕಾಗಿಲ್ಲ.

ಮನೆಗೆ ಬಂದರೆ ತಾಯಿ, ‘ಒಂದೆಳೆ ಕಿತ್ತೋಯ್ತು ಅಂತ ಯಾರಾದ್ರೂ ಪಂಚೆ ಬಿಸಾಕ್ತರಾ? ಉಟ್ಕೊ ಹೋಗು’ ಅಂದರಂತೆ.

ನಿನ್ನೆ ಟೀ ಅಂಗಡಿಯಲ್ಲಿ ಹುಡುಗನೊಬ್ಬ ಆ ಗೆರೆ ಕಂಡು ಹಿರಿಹಿರಿ ಹಿಗ್ಗಿ, ‘ಏನಣ್ಣಾ ಇದು, ನಿಮ್ ಅಮೋಲೆಡ್ಡು?’ ಅಂದ. ತಡಿಯಪ್ಪ ಫೋನನ್ನು ಪಂಚೆಯ ಮೇಲೆ ಒರೆಸಿ, ಬಿಸಿಲಿಗೆ ಹಿಡಿದು, ಮುಖ ಎತ್ತದೆ ಹೇಳಿದ:

‘ಅಂಚು ಕನ.’