ನಾಲ್ಕು ನಿಂಬೆಹಣ್ಣು, ಒಂದು ಸ್ಕ್ರೂ

ಕಾರಿನ ಇಗ್ನಿಷನ್ ಸ್ವಿಚ್ ಎಂದರೆ ಕೀಲಿ ತೂರಿಸುವ ತೂತು ಎಂದೇ ಬಹಳ ಜನ ತಿಳಿದಿರುತ್ತಾರೆ. ಕೀಲಿ ಹೋಗುವುದು ಲಾಕಿಗೆ. ಲಾಕಿನ ಬೆನ್ನಿಗೆ ಅಂಟಿಕೊಂಡಿರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೇ ಸ್ವಿಚ್. ಕೀಲಿ ತಿರುಗಿದಾಗ ಅದರೊಳಗಿನ ತಾಮ್ರದ ತುಂಡುಗಳು ಒಂದಕ್ಕೊಂದು ತಾಗಿ, ಮೊದಲು ದೀಪಗಳಿಗೆ, ಆಮೇಲೆ ಸ್ಟಾರ್ಟರಿಗೆ ಕರೆಂಟು ಹೋಗುತ್ತದೆ. ವರ್ಷಗಟ್ಟಲೆ ಕಿಡಿ ಹಾರಿ ತಾಮ್ರ ಕರಕಲಾದರೆ ಕೀಲಿ ತಿರುಗುತ್ತದೆ, ಕಾರು ಮಾತ್ರ ಮುನಿಸಿಕೊಂಡ ಅಳಿಯನ ಹಾಗೆ ಕೂತಿರುತ್ತದೆ. ಬ್ಯಾಟರಿ ಸರಿಯಿದ್ದೂ, ಕೀಲಿ ಅಲುಗಾಡಿಸಿದಾಗ ದೀಪ ಹತ್ತಿ ಆರುತ್ತಿದ್ದರೆ ಅನುಮಾನ ಸ್ವಿಚ್ಚಿನ ಮೇಲೆ.

ಲಾಕನ್ನು ಸ್ಟಿಯರಿಂಗ್ ಕಂಬಕ್ಕೆ ಬಿಗಿಯುವ ಬೋಲ್ಟುಗಳ ತಲೆ, ಬಿಗಿದ ಮೇಲೆ ತಾನೇ ಮುರಿದು ಬೀಳುವಂತೆ ಮಾಡಿರುತ್ತಾರೆ, ಕಳ್ಳ ಬಿಚ್ಚಬಾರದೆಂದು. ಸ್ವಿಚ್ಚನ್ನು ಹಿಡಿದಿರುವುದು ಸಾಮಾನ್ಯವಾಗಿ ಒಂದೆರಡು ಪುಟ್ಟ ಸ್ಕ್ರೂ. ಸ್ವಿಚ್ ಮಾತ್ರ ಬದಲಿಸಿದರೆ ಹಳೆಯ ಕೀಲಿಯೇ ನಡೆಯುತ್ತದೆ. ಲಾಕನ್ನೂ ಬದಲಿಸಿದರೆ ಹೊಸ ಕೀಲಿ ಬರುತ್ತದೆ. ಮೆಕ್ಯಾನಿಕ್ಕುಗಳಿಗೆ ಇಡೀ ಸೆಟ್ಟು ಬದಲಿಸುವುದೇ ಸಲೀಸು. ಮೈಸೂರಿನ ಕುವೆಂಪುನಗರದ ಒಂದು ಮನೆಯಲ್ಲಿ ಮಾತ್ರ ಆ ಸಲೀಸು ದಾರಿಗೆ ಪ್ರವೇಶವಿರಲಿಲ್ಲ.

ಅಲ್ಲಿ ಸ್ವಿಚ್ ಕೆಟ್ಟ ಕಾರು 1998ರ ಬಿಳಿ ಮಾರುತಿ 800. ಅದರ ಎರಡನೇ ಕೀಲಿ ಅಡುಗೆಮನೆಯ ಇಂಗಿನ ಡಬ್ಬಿಯಲ್ಲಿರುತ್ತದೆ. ಕಳ್ಳ ಎಲ್ಲಿ ಹುಡುಕಿದರೂ ಇಂಗಿನ ಡಬ್ಬಿಗೆ ಕೈಹಾಕುವುದಿಲ್ಲ ಎಂಬ ತರ್ಕದಿಂದ ಅಜ್ಜಿ ಅಲ್ಲಿಟ್ಟದ್ದು. ಅಜ್ಜಿ ಕಾರು ಓಡಿಸಿದವರಲ್ಲ, ಓಡಿಸುವವರನ್ನು ಓಡಿಸಿದವರು. ಅವರು ಹೋಗಿ ಆರು ವರ್ಷವಾಗಿದೆ, ಕೀಲಿ ಡಬ್ಬಿ ಬಿಟ್ಟಿಲ್ಲ. ಮಿಶಿಗನ್ನಿನಿಂದ ದಸರೆಗೆ ಬಂದ ಹನ್ನೆರಡರ ಮೊಮ್ಮಗಳು ಕಾರಿನೊಳಗೆ ಕೂತು, "ಇಲ್ಲಿ ಯಾಕೆ ಸಾಂಬಾರ್ ಸ್ಮೆಲ್ ಬರುತ್ತೆ?" ಎಂದು ಕೇಳಿದ್ದುಂಟು. ಹೊಸ ಕೀಲಿ ಯಾಕೆ ಬೇಡವೆಂದು ಕೇಳಿದರೆ ತಾತ ಹೇಳುವುದು ದುಡ್ಡಿನ ಲೆಕ್ಕ.

ಇನ್ನು ಸ್ಕ್ರೂ. ಉಕ್ಕಿನ ಸ್ಕ್ರೂ ಹಗುರ ಲೋಹದ ಎರಕದೊಳಗೆ ಕಾಲು ಶತಮಾನ ಕೂತರೆ, ತೇವ ಸೇರಿ ಎರಡೂ ಲೋಹಗಳು ತುಕ್ಕಿನ ನಂಟು ಬೆಳೆಸುತ್ತವೆ. ನಮ್ಮಲ್ಲಿ ಸ್ಟಾರ್ ಎಂದು ಕರೆಯುವ ಪ್ಲಸ್ ಆಕಾರದ ತಲೆಗೆ ಪೇಟೆಂಟ್ ಪಡೆದು ಜಗತ್ತಿಗೆ ಹಬ್ಬಿಸಿದವನು ಅಮೆರಿಕದ ಪೋರ್ಟ್‌ಲೆಂಡಿನ ಹೆನ್ರಿ ಫಿಲಿಪ್ಸ್. 1936ರಲ್ಲಿ ಕ್ಯಾಡಿಲಾಕ್ ಕಾರುಗಳು ಅದನ್ನು ಬಳಸತೊಡಗಿದವು. ಬಲ ಮೀರಿದರೆ ಡ್ರೈವರಿನ ತುದಿ ಮೇಲೆದ್ದು ಜಾರುವುದು ಫಿಲಿಪ್ಸ್‌ನ ಜಾಯಮಾನ. ಜಪಾನಿನವರ ಸ್ಟಾರ್ ನೋಡಲು ಅದರದೇ ತಮ್ಮ. ಆದರೆ ಒಳಮೂಲೆಗಳ ಆಕಾರ ಬೇರೆ. ಅಂಥ ಹಲವು ಸ್ಕ್ರೂಗಳ ತಲೆಯ ಮೇಲೆ ಗುರುತಿಗೆ ಒಂದು ಚುಕ್ಕೆ ಇರುತ್ತದೆ. ಅಮೆರಿಕದ ಡ್ರೈವರ್ ಅದರಲ್ಲಿ ತಳ ಮುಟ್ಟುವ ಮೊದಲೇ ಕೂತಂತೆ ನಟಿಸಿ, ತಿರುಗಿಸಿದೊಡನೆ ಮೂಲೆ ಕಿತ್ತುಕೊಂಡು ಬರುತ್ತದೆ. ಮಾರುತಿ 800 ಸುಜುಕಿಯ ಕೂಸು; ಮೊದಲ ಕಾರು 1983ರ ಡಿಸೆಂಬರಿನಲ್ಲಿ ಹೊರಬಂತು. ಇಷ್ಟು ಹೇಳಿದ ಮೇಲೆ ಮುಂದಿನ ದುರಂತ ಊಹಿಸುವುದು ಕಷ್ಟವಲ್ಲ.

ಮಗ ಡೆಟ್ರಾಯಿಟ್ ಬಳಿ ಕಾರುಗಳ ಸಾಫ್ಟ್‌ವೇರ್ ಬರೆಯುವವನು. ಅಲ್ಲಿ ನಲ್ಲಿ ರಿಪೇರಿಯಿಂದ ತಲೆಕೂದಲಿನವರೆಗೆ ಎಲ್ಲ ಸ್ವಂತ ಕೈಯಲ್ಲೇ ಆಗಬೇಕು, ಮೈಸೂರಿನಲ್ಲಿ ಬಲ್ಬ್ ಹೋದರೂ "ಯಾರನ್ನಾದ್ರೂ ಕರೀರಿ." ದುರ್ಗಾಷ್ಟಮಿಯ ಸಂಜೆ ಆತ ಸೂಟ್‌ಕೇಸಿನಿಂದ ಹೊಳೆಯುವ ಟೂಲ್ ಸೆಟ್ ತೆಗೆದ. ನಿಯಮದ ಪ್ರಕಾರ ಹತ್ತರ ಸ್ಪ್ಯಾನರಿನಲ್ಲಿ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿದ. ಸ್ಟಿಯರಿಂಗ್ ಕೆಳಗಿನ ಮುಚ್ಚಳ ತೆಗೆದು, ಬೆನ್ನ ಮೇಲೆ ಮಲಗಿ, ತಲೆಯನ್ನು ಕ್ಲಚ್ಚಿಗೂ ಬ್ರೇಕಿಗೂ ನಡುವೆ ಒಪ್ಪಿಸಿದ. ಎರಡೇ ತಿರುವು. ಸ್ಕ್ರೂವಿನ ಸ್ಟಾರ್ ಬಟ್ಟಲಾಯಿತು.

ತಾತ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕಾರ್ಖಾನೆ 1996ರಲ್ಲಿ ಮುಚ್ಚಿತು. ತಾತನ ಸೂಪರ್ವೈಸರಿಕೆ ಮುಚ್ಚಲಿಲ್ಲ. "ಅಲ್ಲಿ ಕಾರಿಗೇ ಪಾಠ ಹೇಳ್ತೀಯಂತೆ, ಇಲ್ಲಿ ಒಂದು ಸ್ಕ್ರೂ ನಿನ್ನ ಮಾತು ಕೇಳಲ್ವಲ್ಲೋ" ಎಂದರು. ತಮ್ಮ ಹಳೆಯ ಸ್ಟಾರ್ ಡ್ರೈವರಿನ ಮೂತಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದ್ದೇನೆ, ಅದು ಸರಿಯಾಗಿ ಕೂರುತ್ತದೆ, ಬೆಳಗ್ಗೆ ನೋಡೋಣ ಎಂದೂ ಸೇರಿಸಿದರು. ಬೆಳಗ್ಗೆ ಮಹಾನವಮಿ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಯುಧಪೂಜೆಯ ದಿನ ಮನೆಯ ಉಪಕರಣಗಳೆಲ್ಲ ಚಾಮುಂಡೇಶ್ವರಿಯ ಪಟದ ಮುಂದೆ ಸೇರುತ್ತವೆ. ಸುತ್ತಿಗೆ, ಗರಗಸ, ಈಳಿಗೆಮಣೆ, ಹೊಲಿಗೆ ಯಂತ್ರ, ಮಿಶಿಗನ್ನಿನ ಟೂಲ್ ಸೆಟ್, ಮೊಮ್ಮಗಳ ಲ್ಯಾಪ್‌ಟಾಪ್, ತಾತನ ಮೊಂಡುಮೂತಿಯ ಡ್ರೈವರ್, ಎಲ್ಲಕ್ಕೂ ಅರಿಶಿನ ಕುಂಕುಮ. ಈ ಮನೆಯ ಶಾಸನದಂತೆ, ಪೂಜೆಗೆ ಕೂತ ಆಯುಧವನ್ನು ವಿಜಯದಶಮಿಯ ಬೆಳಗ್ಗೆ ಕದಲಿಸುವವರೆಗೆ ಮುಟ್ಟುವಂತಿಲ್ಲ. ಇತ್ತ ಕಾರಿಗೂ ಪೂಜೆಯಾಗಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟಾಗಿತ್ತು. ಕಾರು ಹಣ್ಣಿನ ಮೇಲೆ ಹರಿಯದೆ ಪೂಜೆ ಮುಗಿಯುವುದಿಲ್ಲ. ಪೂಜೆ ಮುಗಿಯದೆ ಆಯುಧ ಏಳುವುದಿಲ್ಲ. ಆಯುಧ ಏಳದೆ ಕಾರು ಹರಿಯುವುದಿಲ್ಲ.

ನಿಂಬೆಹಣ್ಣುಗಳ ಸುತ್ತ ಇಡೀ ಸಂಸಾರ ಮುಕ್ಕಾಲು ಗಂಟೆ ನಿಂತಿತು. ತಳ್ಳಿ ಸ್ಟಾರ್ಟ್ ಮಾಡೋಣವೆಂದು ಪಕ್ಕದ ಮನೆಯವರು ಸೂಚಿಸಿದರು. ಸ್ವಿಚ್ಚೇ ಸತ್ತಿರುವಾಗ ತಳ್ಳಿದರೆ ಚಕ್ರ ಉರುಳೀತೇ ಹೊರತು ಎಂಜಿನ್ನಿಗೆ ಕಿಡಿ ಸಿಗದು. ಬರೀ ಹಣ್ಣು ಜಜ್ಜಲಾದರೂ ತಳ್ಳಬಹುದಲ್ಲ ಎಂದ ಮಗನಿಗೆ ತಾತ, "ಅದು ಪೂಜೆಯಲ್ಲ, ಜ್ಯೂಸು" ಎಂದರು. ಚಮಚದ ಹಿಡಿಯಿಂದ ಸ್ಕ್ರೂ ಬಿಚ್ಚುವ ಪ್ರಸ್ತಾಪಕ್ಕೆ, ಬಿಚ್ಚುವುದೆಂದರೆ ಅಪ್ರದಕ್ಷಿಣೆ, ಹಬ್ಬದ ದಿನ ಮನೆಯಲ್ಲಿ ಅಪ್ರದಕ್ಷಿಣೆ ಕೂಡದು ಎಂಬ ಹೊಸ ಆಕ್ಷೇಪ ಬಂತು. ಇದನ್ನು ಎತ್ತಿದ್ದು ತಾತನಲ್ಲ, ಮೊಮ್ಮಗಳು. ಕನ್ನಡ ಕೂಟದ ಭಾನುವಾರದ ತರಗತಿಯಲ್ಲಿ ಕಲಿತ ಮಕ್ಕಳಷ್ಟು ಕಟ್ಟಾ ಮಡಿವಂತರು ಇಡೀ ಅಗ್ರಹಾರದಲ್ಲೂ ಸಿಗುವುದಿಲ್ಲ. ಆದರೆ ಎಣ್ಣೆ ಆಯುಧವಲ್ಲ ಎಂಬ ತೀರ್ಪೂ ಆಕೆಯದೇ. ಹೊಲಿಗೆ ಯಂತ್ರ ಪೂಜೆಯಲ್ಲಿತ್ತು, ಅದರ ಎಣ್ಣೆಬಾಟಲು ಇರಲಿಲ್ಲ. ಸ್ಕ್ರೂವಿನ ಬುಡಕ್ಕೆ ಮೂರು ತೊಟ್ಟು ಬಿತ್ತು.

ಸಿಕ್ಕಿಕೊಂಡ ಸ್ಕ್ರೂವಿಗೆ ಬೇಕಾದದ್ದೂ ಅದೇ, ಎಣ್ಣೆ ಮತ್ತು ಹೊತ್ತು. ಎಳೆಗಳ ಸಂದಿಗೆ ಎಣ್ಣೆ ಇಳಿಯಲು ಒಂದು ರಾತ್ರಿ ಬಿಡುವುದು ಒಳ್ಳೆಯದು. ರಜೆಯ ಮೇಲೆ ಬಂದವರಿಗೆ ಈ ತಾಳ್ಮೆಯನ್ನು ಹೇಳಿ ಕಲಿಸಲಾಗದು.

ವಿಜಯದಶಮಿಯ ಬೆಳಗ್ಗೆ ಆಯುಧಗಳನ್ನು ಕದಲಿಸಲಾಯಿತು. ಬಾಕಿ ಪೂಜೆಯನ್ನು ಹಣ್ಣಿನ ಖಾತೆಗೆ ಬರೆಯಲಾಯಿತು. ತಲೆ ಸವೆದ ಸ್ಕ್ರೂವಿಗೆ ಗ್ಯಾರೇಜಿನವರು ಡ್ರೈವರಿನ ತುದಿಗೆ ವಾಲ್ವ್ ಉಜ್ಜುವ ಪೇಸ್ಟ್ ಹಚ್ಚುತ್ತಾರೆ, ಹರಳು ಹಿಡಿತ ಕೊಡುತ್ತದೆಂದು. ಇಲ್ಲಿ ಹಚ್ಚಿದ್ದು ರಂಗೋಲಿ ಪುಡಿ. ಮಗ ಮತ್ತೆ ಪೆಡಲುಗಳ ನಡುವೆ ಮಲಗಿದ. ತಾತ ಟಾರ್ಚ್ ಹಿಡಿದರು. ಮೂವತ್ತೈದು ವರ್ಷದ ಹಿಂದೆ ಇದೇ ಜೋಡಿಯಲ್ಲಿ ಜಾವಾ ಬೈಕಿನಡಿ ಮಲಗಿದ್ದವರು ತಾತ, ಟಾರ್ಚ್ ಹಿಡಿದು ಬೈಸಿಕೊಂಡವನು ಮಗ. ಈಗ ಬೆಳಕು ಸ್ಕ್ರೂವನ್ನು ಬಿಟ್ಟು ಮಗನ ಕಣ್ಣಿಗೇ ಬೀಳುತ್ತಿತ್ತು. "ಸರಿಯಾಗಿ ಹಿಡಿಯಕ್ಕೆ ಬರಲ್ವಾ, ನಿದ್ದೆ ಮಾಡ್ತಿದೀಯಾ?" ಎಂಬ ಬೈಗುಳ ಅಕ್ಷರವೂ ಬದಲಾಗದೆ ವಾಪಸು ಬಂತು, ಏಕವಚನದ ಸಮೇತ. ಕಾರಿನೊಳಗೆ ಒಂದು ಕ್ಷಣ ಮೌನ. ಆಮೇಲೆ ತಾತ ಎರಡೂ ಕೈಯಲ್ಲಿ ಟಾರ್ಚ್ ಹಿಡಿದರು. ಆದರೂ ಬೆಳಕು ನಡುಗಿತು.

ಮುಕ್ಕಾಲು ಬಲ ಒತ್ತುವುದಕ್ಕೆ, ಕಾಲು ಬಲ ತಿರುಗಿಸುವುದಕ್ಕೆ. ಮೊದಲೇ ಸಡಿಲಿಸಲು ಹೋಗದೆ, ಕೂದಲೆಳೆಯಷ್ಟು ಬಿಗಿಯುವ ಕಡೆಗೇ ತಿರುಗಿಸಿದರೆ ತುಕ್ಕು ಬಿರಿಯುತ್ತದೆ ಎಂಬುದು ಕಾರ್ಖಾನೆಯ ಉಪಾಯ. ಅಂದರೆ ಮೊದಲು ಪ್ರದಕ್ಷಿಣೆ, ಆಮೇಲೆ ಅಪ್ರದಕ್ಷಿಣೆ. ಮೊಮ್ಮಗಳಿಗೂ ಸಮಾಧಾನವಾಯಿತು. ಟಿಕ್ ಎಂದು ಸದ್ದಾಗಿ ಸ್ಕ್ರೂ ಹೊರಬಂತು. ಅದಕ್ಕೆ ಕಾರಣ ಎಣ್ಣೆಯೋ, ರಂಗೋಲಿಯೋ, ಮೊಂಡುಮೂತಿಯೋ ಎಂಬ ಚರ್ಚೆ ಈಗ ವಾಟ್ಸಾಪಿನಲ್ಲಿ ನಡೆಯುತ್ತಿದೆ.

ಹೊಸ ಸ್ವಿಚ್ ಕೂರಿಸುವುದರಲ್ಲಿ ವಿಶೇಷವಿಲ್ಲ. ಲಾಕಿನ ನಾಲಿಗೆ ಸ್ವಿಚ್ಚಿನ ಸೀಳಿಗೆ ಹೊಂದಬೇಕು. ಹಳೆಯ ಸ್ಕ್ರೂ ಹಾಕದೆ ಅದೇ ಅಳತೆಯ ಹೊಸದನ್ನು ಹಾಕಬೇಕು. ಬ್ಯಾಟರಿ ವೈರು ಕೊನೆಗೆ. ಇಂಗಿನ ಡಬ್ಬಿಯ ಕೀಲಿ ತರಿಸಲಾಯಿತು, ಒಂದೇ ತಿರುವಿಗೆ ಎಂಜಿನ್ ಎದ್ದಿತು. ಜಂಬೂಸವಾರಿಗೆ ಅರಮನೆಯ ಸುತ್ತಿನ ರಸ್ತೆಗಳೆಲ್ಲ ಬಂದಾಗುವುದರಿಂದ ಅಂದು ಕಾರಿನಿಂದ ಯಾವ ಉಪಯೋಗವೂ ಇರಲಿಲ್ಲ. ಹಣ್ಣಿನ ಮೇಲಷ್ಟೇ ಹರಿಯಬೇಕಿತ್ತು. ಬಗ್ಗಿ ನೋಡಿದರೆ ಮೂರೇ ನಿಂಬೆಹಣ್ಣು. ನಾಲ್ಕನೆಯದನ್ನು ಸೊಸೆ ಬೆಳಗಿನ ಚಿತ್ರಾನ್ನಕ್ಕೆ ಹಿಂಡಿದ್ದಳು. ಎಡಗಡೆಯ ಹಿಂದಿನ ಚಕ್ರಕ್ಕೆ ಟೊಮೇಟೊ ಇಟ್ಟರು.